ಮಾವ ಬ್ಯಾಕ್ ಒತ್ತಿದ ಭಾನುವಾರ

ಮದುವೆಯಾಗಿ ಚೆನ್ನೈನ ವಡಪಳನಿಯ ಮನೆಗೆ ಬಂದ ಹೊಸತರಲ್ಲಿ ನಾನೊಂದು ಸಣ್ಣ ಕಂಪನಿಯಲ್ಲಿ ವೆಬ್ ಪುಟಗಳನ್ನು ಮಾಡುತ್ತಿದ್ದೆ. ಒಂದು ಕಣ್ಣಾಸ್ಪತ್ರೆಗೆ ಅಪಾಯಿಂಟ್‌ಮೆಂಟ್ ಪುಟ ಬರೆದುಕೊಟ್ಟಿದ್ದೆ. ಬ್ಯಾಂಕಿನಿಂದ ನಿವೃತ್ತರಾಗಿದ್ದ ಮಾವ ಅದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡಿದ್ದರು.

ಒಂದು ಭಾನುವಾರ ಊರಿನ ಉತ್ತರ ತುದಿಯ ತಿರುವೊಟ್ಟಿಯೂರಿನಿಂದ ಹಳೆಯ ಸ್ನೇಹಿತರೊಬ್ಬರನ್ನು ಕರೆಸಿಕೊಂಡರು. ಅವರ ಕಣ್ಣಿಗೆ ಪೊರೆ ಬಂದಿತ್ತು; ನನ್ನ ಪುಟದಲ್ಲೇ ಅವರಿಗೆ ಅಪಾಯಿಂಟ್‌ಮೆಂಟ್ ಮಾಡಿಸಿಕೊಡಬೇಕೆಂದು ಮಾವನ ಆಸೆ. ಫೋನಿನಲ್ಲೇ ಮುಗಿಯುವ ಕೆಲಸಕ್ಕೆ ಪಾಪ, ಅಷ್ಟು ದೂರದಿಂದ ಬಸ್ಸು ಬದಲಿಸಿಕೊಂಡು ಬಂದಿದ್ದರು.

"ಕೊಂಜ ಇರು, ಒಂದೇ ನಿಮಿಷ, ನಮ್ಮ ಸೊಸೆ ಮಾಡಿರೋದು ತೋರಿಸ್ತೀನಿ," ಎನ್ನುತ್ತಿದ್ದ ಮಾವನ ದನಿ ಅಡುಗೆಮನೆಗೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾಫಿ ತಂದು ನೋಡಿದರೆ ಇಬ್ಬರೂ ಕಂಪ್ಯೂಟರಿನ ಮುಂದೆ ಕೈಕಟ್ಟಿ ಕೂತಿದ್ದಾರೆ.

"ವೆಯ್ಟ್ ಅಂತ ಹಾಕಿದೆ ಮಾ, ಅದಕ್ಕೇ ಸುಮ್ನೆ ಕೂತಿದೀವಿ," ಎಂದರು ಸ್ನೇಹಿತರು.

ಮಾವ ವಯಸ್ಸು ತಪ್ಪಾಗಿ ಹಾಕಿ ಸಬ್‌ಮಿಟ್ ಒತ್ತಿ, ಮುಂದಿನ ಪುಟದಲ್ಲಿ ತಪ್ಪು ಕಂಡು ತಿದ್ದಲು ಬ್ಯಾಕ್ ಒತ್ತಿದ್ದರು. ಯಾರೂ ಸಬ್‌ಮಿಟ್ ಎರಡು ಸಲ ಒತ್ತಬಾರದೆಂದು, ಒಮ್ಮೆ ಒತ್ತಿದೊಡನೆ ಆ ಬಟನ್ ಮಂಕಾಗಿ 'ಪ್ಲೀಸ್ ವೆಯ್ಟ್' ಎನ್ನುವ ಹಾಗೆ ನಾನೇ ಬರೆದಿದ್ದೆ. ನಾನು ಪರೀಕ್ಷಿಸಿ ನೋಡಿದ್ದ ಆಫೀಸಿನ ಹಳೆಯ ಬ್ರೌಸರ್ ಹಿಂದೆ ಬಂದಾಗಲೆಲ್ಲ ಪುಟದ ಸ್ಕ್ರಿಪ್ಟನ್ನು ಮೊದಲಿನಿಂದ ಓಡಿಸುತ್ತಿತ್ತು. ಮನೆಯ ಹೊಸ ಬ್ರೌಸರ್ ಪುಟವನ್ನು ಬಿಟ್ಟುಹೋದ ಸ್ಥಿತಿಯಲ್ಲೇ ನೆನಪಿನಿಂದ ತೆಗೆದು ಕೊಟ್ಟಿತ್ತು. ಬಟನ್ನನ್ನು ಎಚ್ಚರಿಸಬೇಕಿದ್ದ ಸಾಲುಗಳು ಓಡಿರಲೇ ಇಲ್ಲ.

"ನಾನೇ ಏನೋ ತಪ್ಪು ಒತ್ತಿಬಿಟ್ಟೆ ಅನ್ಸುತ್ತೆ," ಎಂದರು ಮಾವ, ಸ್ನೇಹಿತರ ಮುಖ ನೋಡದೆ.

"ನಿಮ್ಮ ತಪ್ಪಲ್ಲ ಮಾವ. ನಾನು ಬರೆದಿರೋದೇ ಸರಿಯಿಲ್ಲ."

"ಬಿಡು ಮಾ, ಫೋನ್ ಮಾಡ್ಕೊಂಡ್ರಾಯ್ತು," ಎಂದರು ಸ್ನೇಹಿತರು. ಅವರ ಆ ಸಮಾಧಾನದ ಮಾತಿಗೇ ನನ್ನ ಮುಖ ಬಿಸಿಯಾಯಿತು. ಒಳಗೆ ಹೋಗಿ ಬೇಡದಿದ್ದರೂ ಪಾತ್ರೆ ತೊಳೆಯುತ್ತ ನಿಂತೆ.

ಮಾರನೆಯ ದಿನ ಸರಿಪಡಿಸಿದೆ. ಪುಟ ಹೊಸದಾಗಿ ಬರಲಿ, ನೆನಪಿನಿಂದ ಬರಲಿ, ತೆರೆಯ ಮೇಲೆ ಕಾಣಿಸಿದಾಗಲೆಲ್ಲ ಬಟನ್ ಎಚ್ಚರವಾಗುವಂತೆ ಬದಲಿಸಿದೆ. ನಾಲ್ಕೇ ಸಾಲು. ಸಂಜೆ ಮಾವನನ್ನು ಕೂರಿಸಿ ತೋರಿಸಿದೆ. ಅವರು ಸಂತೋಷಪಟ್ಟರು. ಆದರೆ ಅಲ್ಲಿಂದಾಚೆಗೆ ಯಾವ ಪುಟ ತೆರೆದರೂ ಬ್ಯಾಕ್ ಒತ್ತುವ ಮುಂಚೆ ಮೌಸ್ ಹಿಡಿದುಕೊಂಡೇ ನನ್ನ ಕಡೆ ತಿರುಗಿ, "ಒತ್ತಬಹುದಾ ಅಮ್ಮಾ?" ಎಂದು ಕೇಳುತ್ತಿದ್ದರು.