ಅಂಚಿನಲ್ಲಿ ಬರೆದದ್ದು

ಪ್ರಶ್ನಾವಳಿಯ ಇಪ್ಪತ್ತಮೂರನೇ ಪ್ರಶ್ನೆ ನನಗೆ ಇಂದಿಗೂ ಬಾಯಿಪಾಠ. ನಿಮ್ಮ ಬಾವಿಯ ನೀರು ಹೇಗಿದೆ: ಒಳ್ಳೆಯದು, ಸಾಧಾರಣ, ಕೆಟ್ಟದ್ದು. ಮೂರು ಚೌಕ, ಒಂದಕ್ಕೆ ಗುರುತು. ಉತ್ತರ ಹೇಳಬೇಕಾದವರು ಮನೆಯ ಯಜಮಾನರು ಮಾತ್ರ ಎಂದು ಕೈಪಿಡಿಯಲ್ಲಿ ಅಡಿಗೆರೆ ಎಳೆದು ಅಚ್ಚು ಹಾಕಿದ್ದರು. ಬಾವಿಗೆ ಬಿಂದಿಗೆ ಇಳಿಸಿದ ಒಬ್ಬ ಯಜಮಾನನನ್ನೂ ಆ ಊರುಗಳಲ್ಲಿ ನಾನು ಕಾಣಲಿಲ್ಲ. ಯಾರ ಮಾತು ಮಾತು, ಯಾರದ್ದು ಅಲ್ಲ ಎಂದು ಕೇಳುವ ಮೊದಲೇ ತೀರ್ಮಾನಿಸಿ, ಅದಕ್ಕೆ ಸಂಶೋಧನಾ ವಿಧಾನ ಎಂದು ಹೆಸರಿಟ್ಟಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ಕಾರ್ಖಾನೆಗಳು ಸುತ್ತಲಿನ ಹಳ್ಳಿಗಳಿಗೆ ಏನು ಮಾಡಿವೆ ಎಂದು ತಿಳಿಯುವ ಸಮೀಕ್ಷೆ ಅದು. ಜಾಲಹಳ್ಳಿಯ ಕ್ವಾರ್ಟರ್ಸಿನಿಂದ ದಿನಾ ಬಸ್ಸು ಹಿಡಿದು ಪೀಣ್ಯದಾಚೆಗೆ ಹೋಗುತ್ತಿದ್ದೆ. ಹೆಚ್ಚು ಮನೆಗಳು ‘ಕೆಟ್ಟದ್ದು’ ಎಂದ ಊರಿಗೆ ಮೊದಲು ನಲ್ಲಿ ಬರುತ್ತದೆ ಎಂದು ನಮಗೆ ಹೇಳಿದ್ದರು.

ಒಂದು ಊರಿನ ಜಗುಲಿಯ ಮೇಲೆ ಯಜಮಾನರು ನನ್ನ ಪೆನ್ಸಿಲನ್ನೇ ನೋಡುತ್ತ ಹೇಳಿದರು, “ಒಳ್ಳೇದು ಅಂತ ಬರ್ಕಳಮ್ಮ.”

“ನಿಜವಾಗ್ಲೂ ಒಳ್ಳೇದಾ?”

“ಕೆಟ್ಟೋಗೈತೆ ಅಂತ ಕಾಗದದಾಗೆ ಬಿದ್ರೆ ಈ ಊರಿಗೆ ಯಾವನು ಎಣ್ಣು ಕೊಡ್ತಾನೆ? ನಮ್ ಉಡುಗ್ರೂ ನಿನ್ನಂಗೆ ಮದ್ವೆ ಇಲ್ದೆ ಚೀಲ ತಗಲಾಕ್ಕೊಂಡು ಊರೂರು ಅಲೀಬೇಕಾ?”

ಜಗುಲಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕು ಮೊದಲ ಚೌಕಕ್ಕೆ ಗುರುತು ಹಾಕಿದೆ.

ಅವರ ಹೆಂಡತಿ ಒಳಗಿನಿಂದ ಮಜ್ಜಿಗೆ ತಂದರು. ಬಂದವರಿಗೆ ಬೆಲ್ಲ, ನೀರು ಕೊಡುವುದು ಅಲ್ಲಿನ ರೂಢಿ; ನೀರು ಮಾತ್ರ ಕೊಡಲಿಲ್ಲ. ಲೋಟ ಖಾಲಿಯಾದ ಮೇಲೆ, “ಇಂಗೆ ಬಾ ಅಮ್ಮಣ್ಣಿ” ಎಂದು ಹಿತ್ತಿಲಿಗೆ ಕರೆದೊಯ್ದರು. ಅಲ್ಲೊಂದು ಹುಣಸೆ ಮರವಿತ್ತು ಎಂದು ಬರೆಯಲು ಕೈ ಓಡುತ್ತದೆ. ಇರಲಿಲ್ಲ ಅನ್ನಿಸುತ್ತದೆ, ಮರವೊಂದಿದ್ದರೆ ನೆನಪು ಚೆಂದ ಕಾಣುತ್ತದೆ, ಅಷ್ಟೆ. ಗೋಡೆಯಾಚೆ ಲೋಹಕ್ಕೆ ಗಿಲೀಟು ಹಾಕುವ ಶೆಡ್ಡು ಇತ್ತು. ಈಚೆ ಬಾವಿ. ಒಂದು ಹಸು. ಹಸುವಿನ ಬಗ್ಗೆ ನನಗೆ ಅನುಮಾನವಿಲ್ಲ.

ಅವರು ಆಗಷ್ಟೇ ಸೇದಿದ ನೀರನ್ನು ತೊಟ್ಟಿಗೆ ಸುರಿದರು. ಹಸು ಮೂಸಿತು, ಮುಖ ತಿರುಗಿಸಿತು.

“ನೋಡ್ದ್ಯಾ? ಇದುಕ್ಕೆ ಮದ್ವೆ ಮಾತುಕತೆ ಗೊತ್ತಿಲ್ಲ” ಎಂದರು. “ಈ ನೀರ್ನಾಗೆ ಬೇಳೆ ಬೇಯಾಕಿಲ್ಲ. ಕುಡ್ಯಾಕೆ ಪಕ್ಕದೂರಿಂದ ಒರ್ತೀನಿ. ಬರ್ಕಂಡ್ಯಾ?”

“ಬರ್ಕೊಂಡೆ.”

ಬರೆದುಕೊಂಡಿದ್ದೆ. ಚೌಕಗಳಲ್ಲಿ ಜಾಗವಿರಲಿಲ್ಲ, ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ: ಹಸು ಕುಡಿಯಲಿಲ್ಲ. ಬೇಳೆ ಬೇಯುವುದಿಲ್ಲ. ಹೆಂಡತಿ ಹೇಳಿದ್ದು.

ಆಫೀಸಿನಲ್ಲಿ ಉತ್ತರಗಳನ್ನು ಅಂಕಿಗಳಾಗಿಸಿ, ಕಂಪ್ಯೂಟರಿಗೆಂದು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆಯುತ್ತಿದ್ದರು. ನನ್ನ ಹಾಳೆ ನೋಡಿದ ಮೇಲ್ವಿಚಾರಕರು, “ಅಂಚಲ್ಲಿರೋದು ಕಾರ್ಡಿಗೆ ಹೋಗಲ್ಲ ಕಣಮ್ಮ. ಅಳಿಸು” ಎಂದರು.

“ಸಾರ್, ಹಸು ಆ ನೀರು ಕುಡೀಲಿಲ್ಲ.”

“ಹಸು ಆ ಮನೆ ಯಜಮಾನನಾ?”

ಮತ್ತೆ ಎಲ್ಲರೂ ನಕ್ಕರು. ಮೇಲ್ವಿಚಾರಕರು ರಬ್ಬರನ್ನು ನನ್ನ ಕಡೆ ತಳ್ಳಿದರು. ನಾನು ಜಗಳವಾಡಿದೆ ಎಂದು ಎಷ್ಟೋ ವರ್ಷ ಸ್ನೇಹಿತರಿಗೆ ಹೇಳಿಕೊಂಡು ಬಂದಿದ್ದೇನೆ. ಆಡಲಿಲ್ಲ. ಅಳಿಸಿದೆ. ಆ ಒಂದು ಹಾಳೆಯದ್ದನ್ನು ಮಾತ್ರವಲ್ಲ, ಆ ಊರಿನ ಉಳಿದ ಮನೆಗಳ ಹೆಂಗಸರು ಹೇಳಿ ಅಂಚಿನಲ್ಲಿ ಬರೆಸಿದ್ದನ್ನೂ ಅಳಿಸಿ, ರಬ್ಬರಿನ ಪುಡಿಯನ್ನು ಊದಿ, ಊಟಕ್ಕೆ ಹೋದೆ. ಆ ಊರಿನವರು ತಮ್ಮ ನೀರಿನ ಬಗ್ಗೆ ತೃಪ್ತರಾಗಿದ್ದಾರೆ ಎಂದು ವರದಿ ಹೇಳಿತು. ಅದರಲ್ಲಿ ಒಂದು ಸುಳ್ಳು ಅಂಕಿಯೂ ಇರಲಿಲ್ಲ.

ನಲ್ಲಿ ಬೇರೆ ಊರಿಗೆ ಹೋಯಿತು.

ಮರುವರ್ಷ ಆ ಊರಿನ ಬಸ್ ಸ್ಟಾಪಿನ ಹತ್ತಿರ ಯಜಮಾನರ ಹೆಂಡತಿ ಎದುರಾದರು. ಸೊಂಟದ ಮೇಲೆ ತುಂಬಿದ ಬಿಂದಿಗೆ. ನನ್ನ ಗುರುತು ಹಿಡಿದು ನಿಂತರು.

“ಬರ್ಕಂಡೆ ಅಂದ್ಯಲ್ಲ ಅಮ್ಮಣ್ಣಿ.”

“ಬರ್ದಿದ್ದೆ. ಆಮೇಲೆ ಅಳಿಸಿಬಿಟ್ರು.”

“ಯಾರು?”

ಮೇಲ್ವಿಚಾರಕರ ಮುಖ ನೆನಪಾಯಿತು. ಅವರು ರಬ್ಬರನ್ನು ಮುಟ್ಟಿದ್ದು ತಳ್ಳುವುದಕ್ಕೆ ಮಾತ್ರ.

“ನಾನೇ” ಎಂದೆ.

ಅವರು ಬಿಂದಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡರು.

“ಅಂಗಾರೆ ದಾರಿ ಬಿಡು ತಾಯಿ. ನೀರು ಭಾರ.”