ಅವ್ವ ಚಿವುಟಿದ ಕಾಮಕಸ್ತೂರಿ

ಸಿಂದಗಿಯ ನಮ್ಮ ಓಣಿಯಲ್ಲಿ ಯಾರಿಗೆ ತಲೆ ನೋಯಲಿ, ನಿದ್ದೆ ಬಾರದಿರಲಿ, ಕೂಸು ಕೆಮ್ಮಲಿ, ಮೊದಲು ಬರುತ್ತಿದ್ದದ್ದು ನಮ್ಮ ಹಿತ್ತಲಿಗೆ. ಡಾಕ್ಟರ ಪಾಳಿ ಆಮೇಲೆ. ಹಿತ್ತಲಲ್ಲಿ ಅವ್ವನ ಕಾಮಕಸ್ತೂರಿ ಇತ್ತು. ಎಲೆಯ ರಸಕ್ಕೆ ಜೇನು ಬೆರೆಸಿದರೆ ಕೆಮ್ಮಿಗೆ, ಬೀಜ ನೆನೆಸಿದ ನೀರು ಬೇಸಿಗೆಯ ಉರಿಗೆ, ಅಂಗೈಯಲ್ಲಿ ತಿಕ್ಕಿದ ಎಲೆಯ ವಾಸನೆ ತಲೆಬಿಸಿಗೆ. ಬಂದ ಮಕ್ಕಳ ಕೈಗೆ ಕುಡಿ ಇಡುವಾಗ ಅವ್ವ ಹೇಳುತ್ತಿದ್ದದ್ದು ಒಂದೇ ಮಾತು: “ನಿಮ್ಮವ್ವಗ ಒಯ್ದು ಕೊಡು. ದಿಂಬಿನ ಬಾಜೂಕ ಇಟಗೊಂಡು ಮಲಗು ಅನ್ನು.” ಎಲೆಯಿಂದ ಗುಣವಾಗುತ್ತಿತ್ತೋ ಅವ್ವನ ಮಾತಿನಿಂದಲೋ, ನಾನು ತಲೆ ಕೆಡಿಸಿಕೊಂಡವಳಲ್ಲ. ಮನೆಯಲ್ಲೇ ಬ್ಲೌಸ್ ಹೊಲಿಯುವವಳು ನಾನು. ನನ್ನ ತಲೆ ತಿನ್ನಲು ಗಿರಾಕಿಗಳೇ ಸಾಕು.

ಆ ಗಿಡಕ್ಕೆ ಹೂತೆನೆ ಬಂದ ಕೂಡಲೇ ಚಿವುಟಬೇಕು. ಇಲ್ಲದಿದ್ದರೆ ಬೀಜ ಕಟ್ಟಿ ಒಣಗುತ್ತದೆ. ಅವ್ವ ದಿನಾ ಸಂಜೆ ಕೂತು ಚಿವುಟುತ್ತಿದ್ದಳು. ಗಿಡ ಪೊದೆಯಾಗಿ ಬೆಳೆಯುತ್ತಿತ್ತು.

ಈಗ ಅವ್ವನಿಗೆ ಮರೆವಿನ ರೋಗ. ಡಾಕ್ಟರು ಗುಳಿಗೆ ಬರೆದರು, ವಾಸಿಯಾಗುವುದಲ್ಲ ಎಂದೂ ಹೇಳಿದರು. ಹಗಲು ಹೇಗೋ ಸಾಗುತ್ತದೆ. ಹೊತ್ತು ಇಳಿಯಿತೆಂದರೆ ಅವಳಿಗೆ ತಳಮಳ. ಸೆರಗು ಹೊದ್ದು ಬಾಗಿಲಿಗೆ ಬರುತ್ತಾಳೆ.

“ಆಲಮೇಲದ ಬಸ್ ತಪ್ಪತೈತಿ, ಬಿಡ್ರಿ ನನ್ನ. ಮನ್ಯಾಗ ಕಾಯಾಕತ್ತಾರ.”

ಆಲಮೇಲ ಅವಳ ತವರು. ಅಲ್ಲಿ ಕಾಯುವವರು ಯಾರೂ ಉಳಿದಿಲ್ಲ. ಹಾಗೆಂದು ಒಮ್ಮೆ ಹೇಳಿಬಿಟ್ಟೆ. ಆಗತಾನೇ ಸುದ್ದಿ ಬಂದವಳಂತೆ ಎದೆ ಬಡಿದುಕೊಂಡು ಅತ್ತಳು. ಮತ್ತೆಂದೂ ಹೇಳಲಿಲ್ಲ. ಬಾಗಿಲಿಗೆ ಅಡ್ಡ ನಿಂತರೆ ಪರಚುತ್ತಾಳೆ. ನಾನೂ ಅವಳ ಮಗಳೇ ತಾನೆ, ಸಿಟ್ಟಿಗೇನು ಕಮ್ಮಿ? ಕೂಗಾಡುತ್ತೇನೆ. ಆಮೇಲೆ ಅಡುಗೆಮನೆಗೆ ಹೋಗಿ ಅಳುತ್ತೇನೆ.

ಹೋದ ಬೇಸಿಗೆಯ ಒಂದು ಸಂಜೆ ಹಾಗೇ ಎಳೆದಾಡುತ್ತ ಹಿತ್ತಲಿಗೆ ಬಂದೆವು. ಅವಳ ಸೀರೆ ತಾಗಿ ಗಿಡ ಘಮ್ಮೆಂದಿತು. ಅವ್ವ ನಿಂತಳು. ಮೆಲ್ಲಗೆ ಕೂತಳು. ಕೈ ತಾನಾಗಿ ತೆನೆ ಚಿವುಟತೊಡಗಿತು, ಬಿಗಿದ ಮುಖ ಸಡಿಲವಾಯಿತು. ಬಸ್ಸೂ ಇಲ್ಲ, ಆಲಮೇಲವೂ ಇಲ್ಲ. ನನಗೆ ಹೋದ ಜೀವ ಬಂತು. ಗುಳಿಗೆ ಮಾಡದ್ದನ್ನು ಗಿಡ ಮಾಡಿತು ಎಂದು ಓಣಿಗೆಲ್ಲ ಡಂಗುರ ಸಾರಿದೆ.

ಆ ಸಂಭ್ರಮ ಬಹಳ ದಿನ ನಡೆಯಲಿಲ್ಲ. ಅವಳ ಕೈಗೆ ಚಿವುಟುವುದು ನೆನಪಿತ್ತು, ನಿಲ್ಲಿಸುವುದು ಮರೆತಿತ್ತು. ತೆನೆ ಮುಗಿದರೆ ಎಲೆ, ಎಲೆ ಮುಗಿದರೆ ಟೊಂಗೆ. ಗಿಡ ಬರೀ ಕಡ್ಡಿಯಾಯಿತು. ಇಂಡಿಯಿಂದ ತಂಗಿ ಕುಂಡ ತಂದಳು, ಬಸವನ ಬಾಗೇವಾಡಿಯಿಂದ ನನ್ನ ಗಂಡ ತಂದ. ಅವೂ ಕಡ್ಡಿಯಾದವು. ಕುಂಡ ಬಚ್ಚಿಟ್ಟರೆ ಬಸ್ಸಿನ ಗಲಾಟೆ, ಮುಂದಿಟ್ಟರೆ ನಾಳೆಗೆ ಗಿಡವಿಲ್ಲ. ಅತ್ತ ದರಿ, ಇತ್ತ ಪುಲಿ. ಕೊತ್ತಂಬರಿ ಕೊಟ್ಟು ಮೋಸ ಮಾಡಲು ನೋಡಿದೆ. ಮೂಸಿ ನೋಡಿ ನನ್ನ ಮುಖಕ್ಕೇ ಎಸೆದಳು. ಆ ಬುದ್ಧಿಯೊಂದು ಗಟ್ಟಿಯಾಗಿತ್ತು.

ಆಗ ಪಕ್ಕದ ಮನೆಯ ಚಾಚಿ ಸೆರಗಿನ ಮರೆಯಲ್ಲಿ ಬೇರುಸಹಿತ ಒಂದು ಗಿಡ ತಂದಳು. ಕಾಮಕಸ್ತೂರಿಗೆ ಮುಸಲ್ಮಾನರು ಸಬ್ಜಾ ಎನ್ನುತ್ತಾರೆ, ಗೋರಿಯ ಮೇಲೆ ನೆಡುತ್ತಾರೆ. ಅದು ಹಸಿರಾಗಿರುವಷ್ಟು ದಿನ ಮಲಗಿದವರಿಗೆ ತಂಪು ಎಂದು ನಂಬಿಕೆ, ಯಾರೂ ಕೀಳುವುದಿಲ್ಲ. ಚಾಚಿಯ ಗಂಡ ತೀರಿಕೊಂಡಾಗ ಗೋರಿಗೆಂದು ಸಸಿ ಕೊಟ್ಟವಳು ಅವ್ವನೇ.

“ಇದು ಅಲ್ಲಿಂದೇನ್ರಿ ಚಾಚಿ?” ಮುಂದೆ ಮಾಡಿದ ಕೈ ಹಿಂದೆಳೆದುಕೊಂಡೆ.

“ಹೌದವಾ, ಮಗನ ಕಡಿಂದ ಕೀಳಿಸೇನಿ. ಅಲ್ಲಿ ಬೀಜ ಬಿದ್ದಾವು, ಮತ್ತ ಹುಟ್ಟತಾವ. ಅವರು ತಡಕೋತಾರ. ಈಕಿಗೆ ಇವತ್ತ ಬೇಕಲ್ಲ.”

ಬೇಡ ಎನ್ನಬೇಕಿತ್ತು. ಎನ್ನಲಾಗಲಿಲ್ಲ. ಅವ್ವ ಆಗಲೇ ಸೆರಗು ಹೊದ್ದು ನಿಂತಿದ್ದಳು.

ನೆಟ್ಟು ನೀರು ಹಾಕುತ್ತಿದ್ದಂತೆ ಅವ್ವ ಬಂದು ಕೂತಳು. ಚಾಚಿ ತನ್ನ ಗಂಡನ ಗಿಡದ ಎಲೆಗಳು ಉದುರುವುದನ್ನು ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಅವ್ವನ ಮಣಿಕಟ್ಟು ಹಿಡಿದೆ.

“ಸಾಕ ಬಿಡವ್ವ. ಇದೊಂದಾದರೂ ಉಳೀಲಿ.”

ಅವ್ವ ತಲೆಯೆತ್ತಿ ನನ್ನನ್ನು ನೋಡಿದಳು. ನನ್ನ ಕಣ್ಣಲ್ಲಿ ನೀರಿತ್ತು. ಕೊನೆಯ ಕುಡಿಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.

“ಅಳಬ್ಯಾಡ ಕೂಸ. ನಿಮ್ಮವ್ವಗ ಒಯ್ದು ಕೊಡು. ದಿಂಬಿನ ಬಾಜೂಕ ಇಟಗೊಂಡು ಮಲಗು ಅನ್ನು.”

“ಹೂಂನ್ರಿ” ಎಂದೆ. ಊಟ ಮಾಡಿಸಿ, ಅವಳನ್ನು ಮಲಗಿಸಿ, ಆ ಕುಡಿಯನ್ನು ಅವಳ ದಿಂಬಿನ ಪಕ್ಕದಲ್ಲಿಟ್ಟೆ.