ದೊನಾನ ಬರಿಮುಖ

ನಮ್ಮ ಗಿರಣಿಯೂರಿನಲ್ಲಿ ದೊನಾ ರಿಯುನ ಮುಖಕ್ಕೆ ಬಿದ್ದಷ್ಟು ಹೊಲಿಗೆ ಪಾದ್ರಿಯ ಹಳೇ ನಿಲುವಂಗಿಗೂ ಬಿದ್ದಿರಲಿಲ್ಲ. ಹಗಲು ಕಾಗದದ ಸುರುಳಿ ಉರುಳಿಸುವುದು, ಸಂಜೆ ಮಂಜುಗಡ್ಡೆಯ ಮೇಲಿನ ಹಾಕಿ ಆಟದಲ್ಲಿ ಊರ ತಂಡದ ಗೋಲು ಕಾಯುವುದು. ಅವನ ಬದುಕು ಇಷ್ಟೇ. ಅವನಂಥ ಕಾವಲುಗಾರ ಕ್ವಿಬೆಕ್ ಪ್ರಾಂತ್ಯದ ಉತ್ತರದಲ್ಲೇ ಇಲ್ಲ ಎನ್ನುತ್ತಿದ್ದರು.

ಆಗ ತಂಡಕ್ಕೆ ಗೋಲು ಕಾಯುವವನು ಒಬ್ಬನೇ. ಅವನ ಮುಖ ಒಡೆದರೆ ಆಟ ನಿಲ್ಲುತ್ತಿತ್ತು. ಒಳಕೋಣೆಯಲ್ಲಿ ವೈದ್ಯ ಹೊಲಿದು ಮುಗಿಸುವವರೆಗೆ ಆರ್ಗನ್ ವಾದ್ಯ ನುಡಿಯುತ್ತಿತ್ತು, ಜನ ತಾಳ ಹಾಕುತ್ತ ಕಾಯುತ್ತಿದ್ದರು. ಹೊಲಿಸಿಕೊಂಡು ಬಂದವನಿಗೆ ಬೀಳುತ್ತಿದ್ದ ಚಪ್ಪಾಳೆ ಗೋಲು ತಡೆದಾಗಲೂ ಬೀಳುತ್ತಿರಲಿಲ್ಲ. ಊರಿನವರು ಇದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತಾರೆ. ನಾಚಿಕೆಯಿಂದ ಹೇಳಬೇಕಾದ ಮಾತು.

ಒಂದು ಚಳಿಗಾಲ, ಈ ಆಟದಲ್ಲಿ ಚೆಂಡಿನ ಬದಲು ಹೊಡೆಯುವ ರಬ್ಬರ್ ಬಿಲ್ಲೆ ಎಡಗಣ್ಣಿಗೆ ಬಡಿದು ಆ ಕಣ್ಣು ಆರಿಹೋಯಿತು. ಗೊತ್ತಿದ್ದದ್ದು ಹೆಂಡತಿ ಇಮೆಲ್ಡಾಳಿಗೆ ಮಾತ್ರ. ಒಕ್ಕಣ್ಣನನ್ನು ಯಾರು ಆಡಿಸುತ್ತಾರೆ? ಎಡಗಡೆಯ ಹೊಡೆತವನ್ನು ಅವನು ಸ್ಕೇಟಿನ ಅಲಗು ಮಂಜುಗಡ್ಡೆ ಕೊರೆಯುವ ಸದ್ದಿನಲ್ಲೇ ಹಿಡಿಯಲು ಕಲಿತ.

ಗಿರಣಿಯಲ್ಲಿ ಒದ್ದೆ ಕಾಗದ ಒಣಗಿಸುವ ಉಣ್ಣೆಗಂಬಳಿಯ ಚೂರುಗಳನ್ನು ತಂದು, ಅಂಟಿನಲ್ಲಿ ಅದ್ದಿ, ಗಂಡನ ಮುಖದ ಮೇಲೇ ಒತ್ತಿ ಇಮೆಲ್ಡಾ ಒಂದು ಮುಖವಾಡ ಮಾಡಿದಳು.

"ಇರೋ ಒಂದು ಕಣ್ಣನ್ನಾದ್ರೂ ಉಳಿಸ್ಕೋ ಮಾರಾಯ."

"ಕಿವಿ ಮುಚ್ಚುತ್ತೆ ಕಣೇ."

"ಕಿವಿಗೆ ತೂತು ಬಿಟ್ಟಿದೀನಿ. ಬೇರೆ ನೆಪ ಹೇಳು."

ಫೈನಲ್ ದಿನ ಅವನು ಅದನ್ನು ಹಾಕಿಕೊಂಡೇ ಕೋಣೆಯಿಂದ ಹೊರಟ. ಜೊತೆಗಾರರು ನಕ್ಕರು. "ಏನೋ ದೊನಾ, ಹೆಂಡ್ತಿ ಸೂಪಿನ ಪಾತ್ರೆ ಮುಚ್ಚಿ ಕಳ್ಸಿದಾಳಾ?"

ತರಬೇತುದಾರ ವಿಲ್ಲಿ ನಗಲಿಲ್ಲ. "ಮುಖ ಮುಚ್ಕೊಂಡವನು ಹೆದರಿದಾನೆ ಅಂತ ಅರ್ಥ. ಎದುರಿನವರಿಗೆ ಆ ಹೆದರಿಕೆ ವಾಸನೆ ಹೊಡೆಯುತ್ತೆ. ತೆಗಿಯಪ್ಪ."

ದೊನಾ ತೆಗೆದ. ಬಲವಂತಕ್ಕಲ್ಲ. ಬರಿಮುಖವೇ ಗಂಡಸಿನ ಗುರುತು ಎಂದು ಅವನೂ ನಂಬಿದ್ದ, ನಮ್ಮೂರೆಲ್ಲ ನಂಬಿದ ಹಾಗೆ.

ಆಟ ಮುಗಿಯಲು ಸ್ವಲ್ಪವೇ ಉಳಿದಿತ್ತು. ನಮ್ಮವರು ಒಂದು ಗೋಲು ಮುಂದಿದ್ದರು. ಆಗ ಬಿಲ್ಲೆ ಬಂದದ್ದು ಬಲಗಣ್ಣಿಗೆ. ಹುಬ್ಬು ಹೊಲಿದ ವೈದ್ಯ, "ಮಲಗು, ಏಳಬೇಡ," ಅಂದ. ಗೋಡೆಯಾಚೆ ತಾಳ ಶುರುವಾಗಿತ್ತು.

"ಕೇಳಿಸ್ತಾ?" ಅಂದ ವಿಲ್ಲಿ. "ನಿನ್ನನ್ನೇ ಕರೀತಿರೋದು."

ಕಾಣುತ್ತಿದ್ದದ್ದು ಬರಿ ಮಬ್ಬು. ಆದರೂ ಅವನು ಎದ್ದು ಹೋದ. ಅಲಗಿನ ಸದ್ದಿಗೆ ಮೈಯೊಡ್ಡಿ ಉಳಿದ ಹೊಡೆತಗಳನ್ನೆಲ್ಲ ತಡೆದ. ಗೆಲುವಿನ ಕಪ್ ನಮ್ಮೂರಿಗೆ ಬಂತು.

ರೂಢಿಯಂತೆ ಎರಡೂ ತಂಡದವರು ಸಾಲಾಗಿ ಬಂದು ಕೈ ಕುಲುಕಿದರು. ದೊನಾನ ಕೈ ಗಾಳಿಯಲ್ಲಿ ತಡಕಾಡುತ್ತಿತ್ತು. ಎದುರು ತಂಡದ ಗೋಲು ಕಾಯುವವನು ಅದನ್ನು ಹುಡುಕಿ ಹಿಡಿದುಕೊಂಡ.

"ಎಷ್ಟು ಕಾಣ್ಸುತ್ತೆ ನಿಂಗೆ?"

"ಗೆಲ್ಲೋಷ್ಟು."

ಆ ಮನುಷ್ಯ ಕೈ ಬಿಡದೆ ಅವನನ್ನು ಬೆಂಚಿನವರೆಗೆ ನಡೆಸಿಕೊಂಡು ಹೋದ. ನಮ್ಮವರು ಕಪ್ ಎತ್ತುವುದರಲ್ಲಿ ಮುಳುಗಿದ್ದರು.

ಚಳಿಗಾಲ ಕಳೆದು ನದಿಯ ಮಂಜುಗಡ್ಡೆ ಒಡೆಯುವ ಹೊತ್ತಿಗೆ ಆ ಮಬ್ಬೂ ಕತ್ತಲಾಯಿತು.

ಮುಂದಿನ ಚಳಿಗಾಲ ಊರು ಅವನನ್ನು ಸನ್ಮಾನಿಸಿತು. ಅವನ ಆಟದ ಅಂಗಿಯನ್ನು ಹಗ್ಗದಲ್ಲಿ ಚಾವಣಿಯ ತೊಲೆಗೆ ಏರಿಸಿದರು. ಅವನ ಗೌರವಕ್ಕೆಂದು, ಅದರ ಬೆನ್ನಿನ ಸಂಖ್ಯೆಯನ್ನು ತಂಡದಲ್ಲಿ ಇನ್ನು ಯಾರೂ ತೊಡುವಂತಿಲ್ಲ. ವಿಲ್ಲಿ ಧೈರ್ಯದ ಬಗ್ಗೆ ಭಾಷಣ ಮಾಡಿದ. ಎಲ್ಲರೂ ಮೇಲೆ ನೋಡುತ್ತಿದ್ದರೆ, ದೊನಾ ನೆಟ್ಟಗೆ ನಿಂತು ಖಾಲಿ ಗೋಡೆಯತ್ತ ನಗುತ್ತಿದ್ದ.

"ಏರ್ತಾ?" ಎಂದು ಕೇಳಿದ.

"ಏರ್ತು," ಅಂದಳು ಇಮೆಲ್ಡಾ.

ಚಪ್ಪಾಳೆ ನಿಧಾನಕ್ಕೆ ಇಳಿಯಿತು. ಜನರ ಕಣ್ಣೂ ಕೆಳಗಿಳಿಯಿತು. ಅವನ ಮುಖವನ್ನು ಅಂಗಿಯ ಕಡೆ ತಿರುಗಿಸೆಂದು ವಿಲ್ಲಿ ಅವಳಿಗೆ ಸನ್ನೆ ಮಾಡಿದ. ಅವಳು ತಿರುಗಿಸಲಿಲ್ಲ. ಊರೆಲ್ಲ ನೋಡಲಿ ಎಂದು ಹಾಗೆಯೇ ಬಿಟ್ಟಳು.